ಅಂಗವಿಕಲರ ಕಾಯ್ದೆ: ಪಾಸು, ಪಿಂಚಣಿಯ ಆಚೆಗೆ ಏನಿದೆ?

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಅಂಗವಿಕಲರಿಗೆ ಕೊಡುವ ರಿಯಾಯಿತಿ ಬಸ್ ಪಾಸಿಗೆ ಒಂದು ಗಡಿ ಇದೆ: ವಾಸಸ್ಥಳದಿಂದ 100 ಕಿಲೋಮೀಟರ್. ಅಂಗವಿಕಲರ ಮೇಲಿನ ತಾರತಮ್ಯದ ದೂರು ಕೇಳಬೇಕಾದ ರಾಜ್ಯ ಆಯುಕ್ತರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅದು ಬಳ್ಳಾರಿಯಿಂದ ಸುಮಾರು 300 ಕಿ.ಮೀ., ರಾಯಚೂರಿನಿಂದ 400ರ ಆಸುಪಾಸು. ಹೈಕೋರ್ಟ್ ಮೆಟ್ಟಿಲೇರೋಣವೆಂದರೆ ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ. ಜಿಲ್ಲಾ ಕೇಂದ್ರದಿಂದ ಅಳೆದರೆ ಎರಡೂ ಪಾಸಿನ ಗಡಿಯಾಚೆಗಿವೆ. ದೂರನ್ನು ಅಂಚೆಯಲ್ಲಿ ಕಳಿಸಬಹುದು, ಆಯುಕ್ತರು ಆಗೊಮ್ಮೆ ಈಗೊಮ್ಮೆ ಜಿಲ್ಲೆಗಳಿಗೆ ಬಂದು ಅಹವಾಲು ಕೇಳುವುದೂ ಉಂಟು, ಸರಿ. ಆದರೂ ಸವಲತ್ತು ನಮ್ಮೂರ ಬಸ್ ನಿಲ್ದಾಣದವರೆಗೆ ಬಂದಿದೆ, ಹಕ್ಕು ಇನ್ನೂ ಬೆಂಗಳೂರು ಬಿಟ್ಟು ಹೊರಟಿಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2016ರ ಡಿಸೆಂಬರ್ 27ರಂದು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯವನ್ನು ಗುರುತಿಸಿದ್ದರೆ, ಇದು ಇಪ್ಪತ್ತೊಂದನ್ನು ಗುರುತಿಸಿತು. ಈ ಸಂಖ್ಯೆ, ಉದ್ಯೋಗದಲ್ಲಿ ಶೇ 4 ಮತ್ತು ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲಾತಿ, ಪಿಂಚಣಿ, ತ್ರಿಚಕ್ರ ವಾಹನ, ಬಸ್ ಪಾಸು: ನಮ್ಮ ಮೂರು ಜಿಲ್ಲೆಗಳಲ್ಲಿ ಕಾಯ್ದೆಯ ಬಗ್ಗೆ ಮಾತು ಎದ್ದಾಗಲೆಲ್ಲ ಕೇಳಿಬರುವುದು ಇಷ್ಟೇ. ವಿಶ್ವ ಅಂಗವಿಕಲರ ದಿನದ ವೇದಿಕೆ ಭಾಷಣಗಳೂ ಇದನ್ನು ದಾಟುವುದಿಲ್ಲ. ಕಾಯ್ದೆಯ ಜೀವ ಇರುವುದು ಬೇರೆಡೆ, ಸೆಕ್ಷನ್ 2ರ ಒಂದು ವ್ಯಾಖ್ಯೆಯಲ್ಲಿ ಮತ್ತು ಸೆಕ್ಷನ್ 3ರಲ್ಲಿ. ಅವೆರಡನ್ನು ಓದದೆ ಉಳಿದ ನೂರು ಸೆಕ್ಷನ್ ಓದಿದರೂ ಇದು ದಾನಧರ್ಮದ ಪಟ್ಟಿಯಂತೆಯೇ ಕಾಣುತ್ತದೆ.

ಸೆಕ್ಷನ್ 3 ಹೇಳುವುದು ನೇರ: ಅಂಗವೈಕಲ್ಯದ ಕಾರಣಕ್ಕೆ ಯಾರ ವಿರುದ್ಧವೂ ತಾರತಮ್ಯ ಮಾಡಕೂಡದು. ತಾರತಮ್ಯವೆಂದರೆ ಏನು ಎಂಬುದಕ್ಕೆ ಸೆಕ್ಷನ್ 2 ಕೊಡುವ ಉತ್ತರದಲ್ಲಿ ಎರಡು ಅಂಶ ಗಮನಿಸಬೇಕು. ಒಂದು, ಹೊರಗಿಡುವ ಉದ್ದೇಶ ಇರಲೇಬೇಕೆಂದಿಲ್ಲ; ಪರಿಣಾಮ ಹಾಗಾದರೂ ಅದು ತಾರತಮ್ಯವೇ. ಮೊದಲ ಮಹಡಿಯಲ್ಲಿ ಪಹಣಿ ತಿದ್ದುಪಡಿಯ ಕೊಠಡಿ ಇಟ್ಟ ಅಧಿಕಾರಿಗೆ ಅಂಗವಿಕಲರ ಮೇಲೆ ದ್ವೇಷವೇನೂ ಇರಲಾರದು. ಆದರೆ ಗಾಲಿಕುರ್ಚಿಯಲ್ಲಿ ಬಂದ ರೈತ ಕೆಳಗೇ ಉಳಿದು, ಅರ್ಜಿಯನ್ನು ಯಾರದೋ ಕೈಗೆ ಕೊಟ್ಟು ಕಳಿಸಬೇಕಾಯಿತು ಎಂದರೆ ಕಾಯ್ದೆ ಆ ಫಲಿತವನ್ನು ನೋಡುತ್ತದೆ. ಎರಡನೆಯದು ಇನ್ನೂ ಮುಖ್ಯವಾದದ್ದು. ಒಬ್ಬ ವ್ಯಕ್ತಿಗೆ ಅಗತ್ಯವಿರುವ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎಂದು ಕಾಯ್ದೆ ಹೇಳಿಬಿಟ್ಟಿದೆ. ಅದೇ ಅಧಿಕಾರಿ ಕೆಳಗಿಳಿದು ಬಂದು ಅರ್ಜಿ ಪಡೆಯಬಹುದಿತ್ತು, ಅಥವಾ ವಾರದಲ್ಲಿ ಒಂದು ದಿನ ನೆಲಮಹಡಿಯಲ್ಲಿ ಮೇಜು ಹಾಕಬಹುದಿತ್ತು. ಇದಕ್ಕೆ ಟೆಂಡರ್ ಬೇಡ, ಅನುದಾನ ಬೇಡ. ಕೇಳಿದ ಮೇಲೂ ಮಾಡದಿದ್ದರೆ ಅಲ್ಲಿಗೆ ಕಾನೂನು ಉಲ್ಲಂಘನೆಯಾಯಿತು.

ಸಂವಿಧಾನದಲ್ಲಿ ಇಲ್ಲದ ಮಾತು ಇದು ಎಂಬುದನ್ನೂ ನೆನಪಿಡಬೇಕು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ತಾರತಮ್ಯವನ್ನು 15ನೇ ವಿಧಿ ನಿಷೇಧಿಸುತ್ತದೆ. ಆ ಸಾಲಿನಲ್ಲಿ ಅಂಗವೈಕಲ್ಯ ಇಲ್ಲ. 41ನೇ ವಿಧಿಯಲ್ಲಿ ಅದರ ಪ್ರಸ್ತಾಪ ಬರುತ್ತದೆಯಾದರೂ ಅದು ನಿರ್ದೇಶಕ ತತ್ವ. ಅದೂ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ನೆರವು ಕೊಡುವ ಮಾತು. ಹಾಗಾಗಿ 2016ರ ಕಾಯ್ದೆಯ ಸೆಕ್ಷನ್ 3ಕ್ಕೆ ಬೇರೆ ಯಾವ ಕಾಯ್ದೆಯೂ ತುಂಬಿಕೊಡಲಾಗದ ಮಹತ್ವವಿದೆ.

ಇನ್ನು ಶೇ 40ರ ಗೊಂದಲ. ಮೀಸಲಾತಿ, ಪಿಂಚಣಿ, ಪಾಸು ಮುಂತಾದವಕ್ಕೆ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಬಣ್ಣವೇ ಇದನ್ನು ಹೇಳುತ್ತದೆ: ಶೇ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, ಅದಕ್ಕೂ ಮೇಲೆ ಶೇ 80ರ ಒಳಗಿನವರಿಗೆ ಹಳದಿ, ಅದನ್ನು ಮೀರಿದವರಿಗೆ ನೀಲಿ. ಬಿಳಿ ಕಾರ್ಡು ಕೈಗೆ ಬಂದವರನ್ನು ನಮ್ಮಲ್ಲಿ ‘ಫೇಲಾದವರು’ ಎಂಬಂತೆ ನೋಡುತ್ತಾರೆ; ಅವರೂ ಹಾಗೆಯೇ ತಿಳಿದು ಮನೆಗೆ ಹೋಗುತ್ತಾರೆ. ಆದರೆ ತಾರತಮ್ಯದಿಂದ ರಕ್ಷಣೆ ಪಡೆಯಲು ಶೇ 40 ಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ದೀರ್ಘಕಾಲದ ನ್ಯೂನತೆ ಇದ್ದು, ಸುತ್ತಲಿನ ಅಡೆತಡೆಗಳಿಂದಾಗಿ ಉಳಿದವರಂತೆ ಭಾಗವಹಿಸಲು ಆಗದಿದ್ದರೆ ಸಾಕು. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಬರಹಗಾರನನ್ನು ಕೇಳಿದ್ದರು. ಶೇ 40ರ ಮಾನದಂಡ ಮುಂದಿಟ್ಟು ಅದನ್ನು ನಿರಾಕರಿಸಲಾಗಿತ್ತು. ಸಮಂಜಸ ಹೊಂದಾಣಿಕೆಯ ಹಕ್ಕನ್ನು ಆ ಅಳತೆಗೋಲಿಗೆ ಕಟ್ಟಿಹಾಕುವಂತಿಲ್ಲ ಎಂದಿತು ನ್ಯಾಯಾಲಯ.

ಈ ತೀರ್ಪಿನಿಂದ ನಮ್ಮ ಭಾಗಕ್ಕೆ ಆಗಬಹುದಾದ ಉಪಯೋಗ ದೆಹಲಿಯವರಿಗೆ ಹೊಳೆಯಲಾರದು. ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ವರ್ಷಗಟ್ಟಲೆ ಆ ನೀರು ಕುಡಿದವರ ಮೂಳೆ, ಕೀಲು ಬಿಗಿಯಾಗಿ, ಬೆನ್ನು ಬಾಗಿ, ಕುತ್ತಿಗೆ ತಿರುಗಿಸಲು ಆಗದ ಸ್ಥಿತಿ ಬರುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಆದರೆ ಅಸ್ಥಿ, ಸ್ನಾಯು ಅಥವಾ ನರಮಂಡಲದ ತೊಂದರೆಯಿಂದ ತನ್ನನ್ನು ಅಥವಾ ವಸ್ತುಗಳನ್ನು ಚಲಿಸಲು ಆಗದಿರುವುದನ್ನು ಚಲನ ವೈಕಲ್ಯ ಎಂದು ಅದು ವಿವರಿಸುತ್ತದೆ. ಬಾಗಿದ ಬೆನ್ನು ಅದರೊಳಗೆ ಬಾರದಿರಲು ಕಾರಣವಿಲ್ಲ. ಊರಿನಲ್ಲಿ ಇದನ್ನು ವಯಸ್ಸಿನ ಬಾಧೆ ಎಂದು ಬಿಟ್ಟಿದ್ದಾರೆ. ನಲವತ್ತೈದರ ಹೆಂಗಸು ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತರೆ ಕಂಡಕ್ಟರ್ ‘ಬೇಗ ಹತ್ತಮ್ಮಾ’ ಎನ್ನುತ್ತಾನೆ, ಆಕೆಯೂ ತನ್ನದೇ ತಪ್ಪು ಎಂಬಂತೆ ಮುಖ ಮಾಡುತ್ತಾಳೆ. ನೀರು ಕೊಟ್ಟದ್ದು ಪಂಚಾಯಿತಿ, ಬಸ್ಸು ಸರ್ಕಾರದ್ದು, ಸಂಕೋಚ ಮಾತ್ರ ಆಕೆಯದು.

2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಲೆಕ್ಕ ಹಾಕಿತ್ತು, ಜನಸಂಖ್ಯೆಯ ಶೇ 2ಕ್ಕಿಂತ ತುಸು ಹೆಚ್ಚು. ಅದು ಎಂಟು ವಿಭಾಗಗಳ ಎಣಿಕೆ. ಕಾಯ್ದೆ ಇಪ್ಪತ್ತೊಂದನ್ನು ಒಪ್ಪುವ ಮೊದಲಿನದು. ಬಾಗಿದ ಬೆನ್ನಿನವರು ಅದರಲ್ಲಿ ಎಷ್ಟು ಮಂದಿ ಸೇರಿದ್ದಾರು!

ಹೊಂದಾಣಿಕೆಗೆ ‘ಸಮಂಜಸ’ ಎಂಬ ವಿಶೇಷಣ ಸುಮ್ಮನೆ ಅಂಟಿದ್ದಲ್ಲ. ಮಿತಿಮೀರಿದ, ಅನುಚಿತ ಹೊರೆ ಹೇರುವ ಬದಲಾವಣೆಯನ್ನು ಕಾಯ್ದೆ ಕೇಳುವುದಿಲ್ಲ. ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟಕ್ಕೆ ಸುಮಾರು 575 ಮೆಟ್ಟಿಲುಗಳಿವೆ. ಅವನ್ನೆಲ್ಲ ಕಿತ್ತು ಗಾಲಿಕುರ್ಚಿ ಹೋಗುವ ದಾರಿ ಮಾಡಿ ಎಂದು ಯಾವ ನ್ಯಾಯಾಲಯವೂ ಹೇಳಲಾರದು. ಆದರೆ ಬೆಟ್ಟದ ಬುಡದ ವಾಹನ ನಿಲುಗಡೆ, ಶೌಚಾಲಯ, ನೀರಿನ ನಲ್ಲಿಗಳಿಗೂ ಅದೇ ನೆಪ ಹೇಳುವಂತಿಲ್ಲ. ಸೆಕ್ಷನ್ 3ರಲ್ಲೇ ಇನ್ನೊಂದು ವಿನಾಯಿತಿ ಇದೆ: ನ್ಯಾಯಸಮ್ಮತ ಗುರಿಯೊಂದಕ್ಕೆ ತಕ್ಕ ಪ್ರಮಾಣದ ಕ್ರಮ ಎಂದು ತೋರಿಸಿದರೆ ಭಿನ್ನವಾಗಿ ನಡೆಸಿಕೊಳ್ಳಬಹುದು. ಹೋರಾಟಗಾರರು ಮೊದಲಿನಿಂದಲೂ ಆಕ್ಷೇಪಿಸುತ್ತ ಬಂದಿರುವ ಕಿಂಡಿ ಇದು. ನನ್ನ ಮಟ್ಟಿಗೆ ಆ ಕಿಂಡಿಗಿಂತ ಅದನ್ನು ತೋರಿಸಬೇಕಾದವರು ಯಾರು ಎಂಬುದು ಮುಖ್ಯ. ಆ ಭಾರ ಸಂಸ್ಥೆಯ ಮೇಲಿದೆ, ದೂರುದಾರನ ಮೇಲಿಲ್ಲ. ಜೊತೆಗೆ, ಹೊಂದಾಣಿಕೆಗೆ ತಗಲುವ ಖರ್ಚನ್ನು ಪೂರ್ತಿಯಾಗಲಿ ಭಾಗಶಃವಾಗಲಿ ಅಂಗವಿಕಲರಿಂದ ವಸೂಲು ಮಾಡುವಂತಿಲ್ಲ ಎಂದು ಕಾಯ್ದೆಯಡಿ ಕೇಂದ್ರ ರೂಪಿಸಿದ 2017ರ ನಿಯಮಗಳು ಕಟ್ಟುನಿಟ್ಟಾಗಿ ಹೇಳಿವೆ.

ಈಗ ರ‍್ಯಾಂಪ್ ವಿಚಾರ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಇಳಿಜಾರು 1:12 ಇರಬೇಕು. ಮೂರು ಮೆಟ್ಟಿಲು, ಒಂದೊಂದು 15 ಸೆಂ.ಮೀ. ಎಂದುಕೊಂಡರೂ ಎತ್ತರ 45 ಸೆಂ.ಮೀ. ಆಗುತ್ತದೆ; ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ನಮ್ಮ ಕಡೆ ಗುತ್ತಿಗೆದಾರರು ಅದನ್ನು ಎರಡು ಮೀಟರ್‌ನಲ್ಲಿ ಮುಗಿಸಿ ಬಿಲ್ಲು ಮಾಡಿಸಿಕೊಳ್ಳುತ್ತಾರೆ. ಕುಷ್ಟಗಿ, ಇಳಕಲ್ಲಿನ ಗ್ರಾನೈಟ್ ಕೈಗೆಟುಕುವ ದೂರದಲ್ಲಿರುವುದರಿಂದ ಅದನ್ನೇ ಮಿರಮಿರ ಪಾಲಿಶ್ ಮಾಡಿ ಹಾಸುತ್ತಾರೆ. ಒಂದು ಹನಿ ಮಳೆ ಬಿದ್ದರೆ ಎರಡು ಕಾಲು ನೆಟ್ಟಗಿರುವವರೂ ಜಾರಬೇಕು. ಪಕ್ಕದ ಸ್ಟೀಲ್ ಕಂಬಿಯನ್ನು ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ, ಹಿಡಿದು ನೋಡಿ. ಈ ಭಾಗದ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಕಂಡ ರ‍್ಯಾಂಪ್ ಅಳತೆಯಲ್ಲಿ ಪರವಾಗಿಲ್ಲ ಎನ್ನುವಂತಿತ್ತು. ಅದರ ತುದಿಯಲ್ಲಿ ಜಾಲರಿ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಮುಂದೆ ಸಿಬ್ಬಂದಿಯ ಮೂರು ಬೈಕು. ಬೀಗದ ಕೈ ಯಾರ ಬಳಿ ಎಂದರೆ ‘ರಜೆಯಲ್ಲಿದ್ದಾರೆ’ ಎಂಬ ಉತ್ತರ.

ಇದ್ದ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕೆಂದು ಸೆಕ್ಷನ್ 45 ಹೇಳಿತ್ತು. ಆ ಗಡುವು 2022ರ ಜೂನ್‌ಗೇ ಮುಗಿದಿದೆ. ಗಡುವು ಮೀರಿದ್ದಕ್ಕೆ ಯಾರೂ ಯಾಕೆ ಹೆದರಲಿಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟ್ ರಾಜೀವ್ ರತುರಿ ಪ್ರಕರಣದಲ್ಲಿ ಉತ್ತರ ಹುಡುಕಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ಕೇಂದ್ರದ 15ನೇ ನಿಯಮ ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿಬಿಟ್ಟಿತ್ತು. 2024ರ ನವೆಂಬರ್ 8ರಂದು ನ್ಯಾಯಾಲಯ ಆ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಸಾರಿ, ರಾಜಿಯಿಲ್ಲದ ಕನಿಷ್ಠ ಮಾನದಂಡಗಳನ್ನು ಬೇರೆಯಾಗಿ ಗುರುತಿಸಿ ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಹೊಸ ಕಟ್ಟಡಗಳ ವಿಚಾರದಲ್ಲಿ ಸೆಕ್ಷನ್ 44 ಇನ್ನೂ ಚೂಪು: ನಕ್ಷೆ ಈ ಮಾನದಂಡ ಪಾಲಿಸದಿದ್ದರೆ ಕಟ್ಟಲು ಅನುಮತಿಯನ್ನೇ ಕೊಡಬಾರದು, ಕಟ್ಟಿ ಮುಗಿಸಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರ ಕೊಡಬಾರದು. ಮಹಾನಗರ ಪಾಲಿಕೆಯಾಗಲಿ ಪುರಸಭೆಯಾಗಲಿ ತನ್ನ ಕೈಯಲ್ಲೇ ಇರುವ ಈ ಅಧಿಕಾರವನ್ನು ಬಳಸಲು ಸರ್ಕಾರದ ಇನ್ನೊಂದು ಸುತ್ತೋಲೆಗೆ ಕಾಯಬೇಕಿಲ್ಲ.

ಆಗುವುದಿಲ್ಲ ಎಂಬ ಮಾತನ್ನು ನಾನು ನಂಬದಿರಲು ಚುನಾವಣೆ ಕಾರಣ. ಮತಗಟ್ಟೆಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು ಸೆಕ್ಷನ್ 11 ಹೇಳುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇ 40ಕ್ಕೂ ಹೆಚ್ಚು ವೈಕಲ್ಯ ಇರುವವರಿಗೂ 80 ದಾಟಿದ ಹಿರಿಯರಿಗೂ ಮನೆಯಲ್ಲೇ ಮತ ಹಾಕುವ ಅವಕಾಶ ಸಿಕ್ಕಿತು. ಅಧಿಕಾರಿಗಳೇ ಪೆಟ್ಟಿಗೆ ಹಿಡಿದು ಮನೆ ಬಾಗಿಲಿಗೆ ಹೋದರು. ಮತಗಟ್ಟೆಯ ಶಾಲೆಗೆ ಗಾಲಿಕುರ್ಚಿ ಬಂತು, ಮರದ ಹಲಗೆಯ ತಾತ್ಕಾಲಿಕ ಇಳಿಜಾರು ಬಂತು, ತಳ್ಳಲು ಸ್ವಯಂಸೇವಕರು ಬಂದರು. ಮರುದಿನ ಎಲ್ಲ ವಾಪಸ್ ಹೋಯಿತು. ಜೂನ್‌ನಲ್ಲಿ ಅದೇ ಶಾಲೆಗೆ ಸೇರಬೇಕಾದ ನಡೆಯಲಾಗದ ಹುಡುಗಿಗೆ ಮೆಟ್ಟಿಲು ಹಾಗೆಯೇ ಉಳಿದವು. ಒಂದು ದಿನದ ಮಟ್ಟಿಗೆ ಸಾಧ್ಯವಾದದ್ದು ಉಳಿದ 364 ದಿನ ಅಸಾಧ್ಯ ಹೇಗಾಗುತ್ತದೆ ಎಂದು ಕೇಳಿದರೆ ಯಾವ ಜಿಲ್ಲಾಡಳಿತದ ಬಳಿಯೂ ಒಪ್ಪುವಂಥ ಉತ್ತರ ಇರಲಾರದು.

ಸಾರಿಗೆಯ ಕಥೆಯನ್ನು ಉದ್ದ ಮಾಡುವ ಅಗತ್ಯವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ, ಅಂಗವಿಕಲ ಮಹಿಳೆಗೂ ಅಷ್ಟೇ. ಟಿಕೆಟ್ ದರ ಶೂನ್ಯವಾಯಿತು, ಬಸ್ಸಿನ ಮೊದಲ ಮೆಟ್ಟಿಲ ಎತ್ತರ ಹಾಗೇ ಇದೆ. ರೈಲಿನಲ್ಲಿ ಅಂಗವಿಕಲರ ಬೋಗಿಯನ್ನು ಸಾಮಾನ್ಯವಾಗಿ ಗಾರ್ಡ್ ಡಬ್ಬಿಗೆ ಹೊಂದಿಸಿ ಕೊನೆಯಲ್ಲಿಡುತ್ತಾರೆ. ಹೆಚ್ಚು ನಡೆಯಲಾಗದವರೇ ಪ್ಲಾಟ್‌ಫಾರಂನ ನೆರಳು ಮುಗಿದ ಮೇಲೂ ನಡೆದು ಹೋಗಬೇಕು. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ.

ಯಂತ್ರಗಳೂ ಹೊರಗಿಡುತ್ತವೆ. ಕುಷ್ಠರೋಗದಿಂದ ಗುಣಮುಖರಾದವರು ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಅವರ ಬೆರಳ ತುದಿ ಸವೆದಿದ್ದರೆ ಪಡಿತರ ಅಂಗಡಿಯ ಯಂತ್ರ ಗುರುತೇ ಹಿಡಿಯುವುದಿಲ್ಲ. ಕಣ್ಣು ಮಿಟುಕಿಸಿ ಎನ್ನುವ ಬ್ಯಾಂಕಿನ ಆ್ಯಪ್ ಆಸಿಡ್ ದಾಳಿಗೆ ಒಳಗಾದವರನ್ನೂ ದೃಷ್ಟಿ ಇಲ್ಲದವರನ್ನೂ ಹಿಂದೆ ಕಳಿಸುತ್ತದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಗ್ರಾಹಕರ ಗುರುತನ್ನು ಆನ್‌ಲೈನ್‌ನಲ್ಲಿ ದೃಢಪಡಿಸುವ ಇ-ಕೆವೈಸಿಗೆ ಪರ್ಯಾಯ ವಿಧಾನ ಇರಬೇಕೆಂದು ನಿರ್ದೇಶನ ನೀಡಿತು. ಬ್ಯಾಂಕುಗಳಿಗಂತೂ ಈ ಪಾಠ ಹಳೆಯದು. ದೃಷ್ಟಿಹೀನರಿಗೆ ಚೆಕ್ ಪುಸ್ತಕ, ಎಟಿಎಂ ಕಾರ್ಡ್, ಲಾಕರ್ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಆದರೂ ‘ಜೊತೆಗೆ ಯಾರಾದರೂ ಇದ್ದಾರೆಯೇ?’ ಎಂಬ ಪ್ರಶ್ನೆ ಕೌಂಟರಿನಿಂದ ಮರೆಯಾಗಿಲ್ಲ.

ಉದ್ಯೋಗದಲ್ಲಿ ನಮ್ಮವರ ಗಮನವೆಲ್ಲ ಶೇಕಡಾವಾರಿನ ಮೇಲೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಅಡಿ ಸಿ ದರ್ಜೆಯ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ 80 ಎಂಬುದು ಇಲ್ಲಿ ಪದವಿ ಓದುವ ಹುಡುಗರಿಗೆ ಬಾಯಿಪಾಠ. ಕೆಲಸ ಸಿಕ್ಕ ಮೇಲೆ ಅಂಗ ಊನವಾದರೆ ಏನು ಎಂಬುದು ಆ ಬಾಯಿಪಾಠದಲ್ಲಿಲ್ಲ. ಸೇವೆಯಲ್ಲಿರುವಾಗ ವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನದ ಬೇರೆ ಕೆಲಸಕ್ಕೆ ಬದಲಾಯಿಸಬೇಕು, ಅಂಥ ಕೆಲಸ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ಇದು ಸೆಕ್ಷನ್ 20. ಕಣ್ಣು ಮಂಜಾದ ಬಸ್ ಚಾಲಕ, ಸರ್ಕಾರಿ ಸ್ವಾಮ್ಯದ ಗಣಿಯಲ್ಲಿ ಕೈ ಕಳೆದುಕೊಂಡ ಕಾಯಂ ಕಾರ್ಮಿಕ ಇದರ ಆಸರೆಯಲ್ಲಿದ್ದಾರೆ. ಸರ್ಕಾರಿ ನೌಕರರ ಇಂಥ ದೂರನ್ನು ಸಂಸ್ಥೆಯ ಕುಂದುಕೊರತೆ ಅಧಿಕಾರಿ ಎರಡು ವಾರದಲ್ಲಿ ವಿಚಾರಿಸಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ತೋರಣಗಲ್ಲು, ಸಂಡೂರು, ಗಿಣಿಗೇರಾ ಸುತ್ತಮುತ್ತಲಿನ ಖಾಸಗಿ ಕಾರ್ಖಾನೆ, ಗಣಿಗಳ ಗುತ್ತಿಗೆ ಕಾರ್ಮಿಕನಿಗೆ ಈ ಆಸರೆ ಇಲ್ಲ. ಅವನಿಗೆ ಒಂದು ಸಲದ ಪರಿಹಾರ ಸಿಕ್ಕೀತು, ನೌಕರಿ ಉಳಿಯದು. ಕೈಗಾರಿಕೆಯೇ ಅಂಗವೈಕಲ್ಯದ ಒಂದು ಕಾರಣವಾಗಿರುವ ಪ್ರದೇಶದಲ್ಲಿ ಕಾಯ್ದೆಯ ಅತಿದೊಡ್ಡ ತೂತು ಇದೇ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ತಾರತಮ್ಯವಾದಾಗ ಮಾಡಬೇಕಾದದ್ದೇನು? ನಮ್ಮಲ್ಲಿ ರೂಢಿ ಎಂದರೆ ಜನಸ್ಪಂದನ ಸಭೆಯಲ್ಲಿ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಬರುವುದು. ಮನವಿಗೆ ಉತ್ತರ ಕೊಡಲೇಬೇಕೆಂದಿಲ್ಲ. 2017ರ ನಿಯಮಗಳ 3ನೇ ನಿಯಮದ ಪ್ರಕಾರ, ಸರ್ಕಾರಿ ಸಂಸ್ಥೆಯ ಇಲ್ಲವೇ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಮುಖ್ಯಸ್ಥರಿಗೆ ತಾರತಮ್ಯದ ದೂರು ಬಂದರೆ ಅವರ ಮುಂದೆ ಎರಡೇ ದಾರಿ: ಕ್ರಮ ಕೈಗೊಳ್ಳಬೇಕು, ಇಲ್ಲವೇ ತಾವು ಮಾಡಿದ್ದು ಹೇಗೆ ಸರಿ ಎಂದು ದೂರುದಾರರಿಗೆ ಲಿಖಿತವಾಗಿ ತಿಳಿಸಬೇಕು. ‘ನೋಡೋಣ, ಮುಂದಿನ ಬಜೆಟ್ ಬರಲಿ’ ಎಂಬ ಬಾಯಿಮಾತಿಗೆ ಅಲ್ಲಿ ಜಾಗವಿಲ್ಲ. ಆ ಲಿಖಿತ ಉತ್ತರ, ಅಥವಾ ಉತ್ತರ ಬಾರದಿದ್ದರೆ ದೂರಿನ ಸ್ವೀಕೃತಿ ಪ್ರತಿ, ಮುಂದಿನ ಹಂತಕ್ಕೆ ದೊಡ್ಡ ಆಧಾರವಾಗುತ್ತದೆ. ಆಯುಕ್ತರಿಗೆ ಹೋದ ಇಂಥ ದೂರು 60 ದಿನದಲ್ಲಿ ಇತ್ಯರ್ಥವಾಗಬೇಕು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಚಾರದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಆದರೆ ಅವರು ಕೊನೆಗೆ ಕೊಡುವುದು ಶಿಫಾರಸು. ಇಲಾಖೆ ಮೂರು ತಿಂಗಳಲ್ಲಿ ಪಾಲಿಸಬೇಕು; ಒಪ್ಪದಿದ್ದರೆ ಕಾರಣ ಬರೆದು ತಿಳಿಸಬೇಕು. ಕಾರಣ ಬರೆಯುವ ಕಲೆ ನಮ್ಮ ಕಚೇರಿಗಳಿಗೆ ಹೊಸದಲ್ಲ. ಕಾಯ್ದೆ ಉಲ್ಲಂಘಿಸಿದ್ದಕ್ಕೆ ಸೆಕ್ಷನ್ 89ರ ದಂಡ ಮೊದಲ ಸಲ ಹೆಚ್ಚೆಂದರೆ 10 ಸಾವಿರ ರೂಪಾಯಿ; ಪುನರಾವರ್ತನೆಯಾದರೆ 50 ಸಾವಿರದಿಂದ 5 ಲಕ್ಷ. ಹಲ್ಲಿರುವುದು ಸೆಕ್ಷನ್ 92ಕ್ಕೆ: ಸಾರ್ವಜನಿಕರ ಕಣ್ಣೆದುರು, ಅವಮಾನಿಸುವ ಉದ್ದೇಶದಿಂದ ಅಂಗವಿಕಲರನ್ನು ನಿಂದಿಸಿದರೆ ಅಥವಾ ಬೆದರಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಇವುಗಳನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳನ್ನಾಗಿಸಲು ಹೊರಟಿತ್ತು. ದೇಶದಾದ್ಯಂತ ಅಂಗವಿಕಲರ ಸಂಘಟನೆಗಳು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಹಲ್ಲು ಉಳಿಯಿತು. ಠಾಣೆಯಲ್ಲಿ ಈ ಸೆಕ್ಷನ್ ಹಾಕಿ ಎಫ್‌ಐಆರ್ ಬರೆಸಿಕೊಳ್ಳುವವರು ಎಷ್ಟು ಜನರಿದ್ದಾರೆ ಎಂಬುದು ಬೇರೆ ಮಾತು.

ದೂರನ್ನು ಬರೆದುಕೊಡುವವರು ಯಾರು ಎಂಬಲ್ಲಿಗೆ ವಿಷಯ ಬಂದು ನಿಲ್ಲುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಿನವರು ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಬಹುತೇಕರು ಸ್ವತಃ ಅಂಗವಿಕಲರು, ದುಡಿಯುವುದು ಅಲ್ಪ ಗೌರವಧನಕ್ಕೆ. ಸಮೀಕ್ಷೆ, ಕಾರ್ಡಿನ ಅರ್ಜಿ, ಪಿಂಚಣಿಯ ಓಡಾಟ ಎಲ್ಲ ಅವರ ಹೆಗಲ ಮೇಲೆ. ಯಾರ ಮನೆಯಲ್ಲಿ ಯಾರು ಹೊರಗೆ ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆದರೆ ಅವರು ಕೆಲಸ ಮಾಡುವುದು ಪಂಚಾಯಿತಿ ಕಚೇರಿಯಲ್ಲೇ ಕುಳಿತು. ಪಂಚಾಯಿತಿ ಕಟ್ಟಡಕ್ಕೆ ರ‍್ಯಾಂಪ್ ಇಲ್ಲ, ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ 5ರ ಹಣ ಖರ್ಚಾಗಿಲ್ಲ ಎಂದು ಎದುರಿಗೇ ಕುಳಿತ ಪಿಡಿಒ ವಿರುದ್ಧ ದೂರು ಬರೆ ಎಂದರೆ ಅವರು ಬರೆದಾರೆಯೇ?

ಬರೆಯಬೇಕಾದವರು ಬೇರೆ ಇದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಂತೆ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ, ಅರೆಕಾಲಿಕ ಕಾನೂನು ಸ್ವಯಂಸೇವಕರಿದ್ದಾರೆ. ಅವರ ಅರಿವು ಕಾರ್ಯಕ್ರಮಗಳಲ್ಲಿ ಈ ಕಾಯ್ದೆಯ ಮೇಲೆ ಉಪನ್ಯಾಸಗಳಿಗೆ ಬರವಿಲ್ಲ. ಉಪನ್ಯಾಸ ಮುಗಿದ ಮೇಲೆ ಅದೇ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಯಾವ ಕಚೇರಿಯ ಯಾವ ಕೊಠಡಿಗೆ, ಯಾವ ದಿನ ಹೋಗಲು ಆಗಲಿಲ್ಲ, ಏನು ಕೇಳಿದಿರಿ, ಯಾರು ಏನೆಂದರು ಎಂಬ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಂಡರೆ 3ನೇ ನಿಯಮದ ದೂರು ಸಿದ್ಧ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ ಯಾವ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.